ರೋಮ್‌ನಲ್ಲಿ ರೋಮುಲಸ್‌ನನ್ನು ಹುಡುಕಿ ಹೊರಟವರಿಗೆ

ತೋಳದ ಹಾಲು ಕುಡಿದು ಬೆಳೆದ ರೋಮುಲಸ್, ರೇಮಸ್ ಅವಳಿಗಳ ಕತೆ ಓದಿ ರೋಮ್‌ಗೆ ಹೊರಟಿದ್ದೀರಾ? ಹಾಗಿದ್ದರೆ ‘ರೋಮುಲಸ್ ನಡಿಗೆ’ ಅಂತ ಮಾರುವ ಟೂರ್‌ಗಳಿಗೆ ಸುಮ್ನೆ ದುಡ್ಡು ಹಾಕಬೇಡಿ. ನಮ್ಮ ಗೈಡ್ ಹಳೇ ರೋಮ್‌ನ ನಡುಚೌಕವಾದ ಫೋರಂನಲ್ಲಿ ಒಂದು ದುಂಡು ಗುಡಿಯ ಮುಂದೆ ನಿಲ್ಲಿಸಿ, ರೋಮ್ ಊರು ಕಟ್ಟಿದ ರೋಮುಲಸ್‌ನ ಗುಡಿ ಇದೇ ಎಂದು ಕಾಲು ಗಂಟೆ ಕತೆ ಹೊಡೆದ. ಅದಕ್ಕೆ ರೋಮುಲಸ್ ಗುಡಿ ಅನ್ನುವ ಹೆಸರಿರುವುದೇನೋ ನಿಜ. ಆದರೆ ಕಟ್ಟಿದ್ದು ಕ್ರಿ.ಶ. 4ನೇ ಶತಮಾನದಲ್ಲಿ. ಚಕ್ರವರ್ತಿ ಮ್ಯಾಕ್ಸೆಂಟಿಯಸ್‌ಗೆ ರೋಮುಲಸ್ ಎಂಬ ಮಗನಿದ್ದ, ಚಿಕ್ಕ ವಯಸ್ಸಿಗೇ ತೀರಿಕೊಂಡ. ಗುಡಿಯ ಹೆಸರು ಅವನಿಂದ ಬಂದಿರಬೇಕು ಅನ್ನುತ್ತಾರೆ. ಊರು ಹುಟ್ಟಿದ್ದು ಕ್ರಿ.ಪೂ. 753ರ ಏಪ್ರಿಲ್ 21 ಅಂತ ಪುರಾಣ. ಸಾವಿರ ವರ್ಷವನ್ನೇ ನುಂಗಿಬಿಟ್ಟನಲ್ಲ ಆ ಗೈಡ್ ಆಸಾಮಿ! ಆ ಗುಡಿಯ ಹಳೆಯ ಕಂಚಿನ ಬಾಗಿಲನ್ನು ಮಾತ್ರ ತಪ್ಪದೆ ನೋಡಿ.

ಅಸಲಿ ಜಾಗ ಪ್ಯಾಲಟೈನ್ ಗುಡ್ಡ. ನೈರುತ್ಯ ಮೂಲೆಗೆ, ರೋಮ್‌ನ ಮೊದಲ ಚಕ್ರವರ್ತಿ ಆಗಸ್ಟಸ್‌ನ ಮನೆಯ ಹತ್ತಿರ ಹೋಗಿ. 1948ರ ಅಗೆತದಲ್ಲಿ ಅಲ್ಲಿ ಕಬ್ಬಿಣ ಯುಗದ ಗುಡಿಸಲುಗಳ ಗುರುತು ಸಿಕ್ಕಿತು. ಉಳಿದಿರುವುದು ಬಂಡೆಯಲ್ಲಿ ಕಂಬ ನೆಟ್ಟ ಕುಳಿಗಳು, ಅಷ್ಟೇ. ‘ಇದನ್ನು ನೋಡಲು ಇಷ್ಟು ದೂರ ಬಂದ್ವಾ?’ ಅಂತ ಜೊತೆಯವರು ಗೊಣಗಬಹುದು. ಆದರೆ ರೋಮುಲಸ್‌ನ ಗುಡಿಸಲು ಅಂತ ರೋಮನ್ನರು ಒಂದು ಹುಲ್ಲಿನ ಮನೆಯನ್ನು ಮತ್ತೆ ಮತ್ತೆ ರಿಪೇರಿ ಮಾಡಿ ಉಳಿಸಿಕೊಂಡಿದ್ದು ಈ ಮಗ್ಗುಲಿನಲ್ಲೇ. ಆಗಸ್ಟಸ್ ಇಲ್ಲೇ ಮನೆ ಮಾಡಿದ್ದು ಸುಮ್ಮನೆ ಅಲ್ಲ. ಕೆಳಗೆ ಫೋರಂನಲ್ಲಿ ಕೊಡೆ ಹಿಡಿದ ಗೈಡ್‌ಗಳ ಹಿಂದೆ ಜನ ನೂಕಾಡುತ್ತಿದ್ದರೆ ಇಲ್ಲಿ ನಾವು ಮತ್ತು ಕಾಗೆಗಳು. ಜನಜಂಗುಳಿ ಕಂಡರೆ ನನಗೆ ತಲೆನೋವು, ಹಾಗಾಗಿ ಕೊಲೋಸಿಯಂ ಒಳಗೆ ಹೋಗಲೇ ಇಲ್ಲ. ಏಪ್ರಿಲ್ 21ರ ಆಸುಪಾಸಿನಲ್ಲಿ ರೋಮನ್ ವೇಷ ತೊಟ್ಟವರ ಮೆರವಣಿಗೆ ಇರುತ್ತದೆ. ಗದ್ದಲ ಇಷ್ಟವಿದ್ದರೆ ಆಗಲೇ ಹೋಗಿ.

ತೋಳ ಹಾಲೂಡಿದ ಗವಿ ತೋರಿಸ್ತೀವಿ ಅಂದರೆ ನಂಬಬೇಡಿ. 2007ರಲ್ಲಿ ನೆಲದಡಿ ಚಿಪ್ಪು ಅಂಟಿಸಿದ ಒಂದು ಕಮಾನು ಕೋಣೆ ಸಿಕ್ಕಿದ್ದು ಹೌದು. ಅದೇ ಆ ಗವಿಯೇ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಪ್ರಸಿದ್ಧ ಕಂಚಿನ ತೋಳ ಇರುವುದು ಕ್ಯಾಪಿಟೊಲೈನ್ ಮ್ಯೂಸಿಯಂನಲ್ಲಿ. ಹೊರಗೆ ಕಂಬದ ಮೇಲಿರುವುದು ನಕಲು, ಸೆಲ್ಫಿ ಜಾಸ್ತಿ ಅದಕ್ಕೇ. ಒಳಗಿನದರಲ್ಲೂ ಮಕ್ಕಳಿಬ್ಬರನ್ನು ಸೇರಿಸಿದ್ದು 15ನೇ ಶತಮಾನದಲ್ಲಿ. ತೋಳವೇ ಮಧ್ಯಯುಗದ್ದು ಅಂತ ಪರೀಕ್ಷೆಗಳು ಹೇಳುತ್ತವೆ. ಆದರೂ ಅದರ ಗುರುಗುಟ್ಟುವ ಮುಖಕ್ಕೆ ಟಿಕೆಟ್ ದುಡ್ಡು ಕೊಡಬಹುದು.

ಈಗ ಊಟ. ಗುಡ್ಡ ಇಳಿದು, ಹಿಂದೆ ರಥದ ಪಂದ್ಯ ನಡೆಯುತ್ತಿದ್ದ ಸರ್ಕಸ್ ಮ್ಯಾಕ್ಸಿಮಸ್ ಬಯಲು ದಾಟಿ ಟೆಸ್ಟಾಚ್ಚೋ ಬಡಾವಣೆ ಕಡೆ ನಡೆಯಿರಿ. ಪಿಜ್ಜಾವನ್ನು ಕತ್ತರಿಯಲ್ಲಿ ಕತ್ತರಿಸಿ, ತೂಕ ಮಾಡಿ ಕೊಡುವ ಸಣ್ಣ ಅಂಗಡಿಗಳಿವೆ. ನಾವು ಹೋದ ಕಡೆ ಕೂರಲು ಕುರ್ಚಿಯೂ ಇರಲಿಲ್ಲ. ಆಲೂಗಡ್ಡೆ, ರೋಸ್‌ಮರಿ ಹಾಕಿದ ಪಿಜ್ಜಾ, ಬರೀ ಟೊಮೆಟೊ ಬಳಿದ ಕೆಂಪು ಪಿಜ್ಜಾ, ಬೆಳ್ಳುಳ್ಳಿ ಒಣಮೆಣಸಿನಕಾಯಿ ಹಾಕಿ ಹುರಿದ ಚಿಕೋರಿಯಾ ಸೊಪ್ಪು. ಸೊಪ್ಪು ಸ್ವಲ್ಪ ಕಹಿ, ಬಾಯಿಗೆ ಥೇಟ್ ನಮ್ಮ ಮನೆಯ ಪಲ್ಯ. ಎರಡು ಸಲ ಹಾಕಿಸಿಕೊಂಡೆವು. ಅಂಗಡಿಯಾಕೆ ತಾನಾಗಿಯೇ ಇನ್ನೊಂದು ತುಂಡು ಪಿಜ್ಜಾ ಇಟ್ಟಳು. ಫೋರಂ ಎದುರಿನ ಹೋಟೆಲಲ್ಲಿ ಕೂತು ಕುಡಿದ ಕಾಫಿಗಿಂತ ಸ್ವಲ್ಪವೇ ಜಾಸ್ತಿ ಬಿಲ್ಲು. ಸಸ್ಯಾಹಾರಿಗಳು ‘ಸೆಂತ್ಸಾ ಕಾರ್ನೆ’ (ಮಾಂಸ ಇಲ್ಲದ್ದು) ಅಂತ ಕೇಳಿಯೇ ತಿನ್ನಿ. ಸುಪ್ಲಿ ಅನ್ನುವ ಅನ್ನದ ಉಂಡೆಯೊಳಗೆ ಬಹಳ ಸಲ ಮಾಂಸ ಇರುತ್ತದೆ. ಕರಿದ ಕುಂಬಳ ಹೂವಿನೊಳಗೆ ಮೀನು.

ರೋಮುಲಸ್‌ನ ಪೂರ್ವಜ ಅಂತ ಪುರಾಣ ಹೇಳುವ, ಟ್ರಾಯ್‌ನಿಂದ ಓಡಿ ಬಂದ ಈನಿಯಸ್ ಕಟ್ಟಿದ ಊರು ಲವಿನಿಯಂ ಅಂತೆ. ಈಗ ಅದು ಪೊಮೆಜಿಯಾ ಹತ್ತಿರದ ಪ್ರಾತಿಕಾ ದಿ ಮಾರೆ. ಸಾಲಾಗಿ ನಿಂತ ಕಲ್ಲಿನ ಬಲಿಪೀಠಗಳಿವೆ. ನಾವು ಭಾನುವಾರ ಹೊರಟೆವು. ಬಸ್ ಟಿಕೆಟ್ ಮಾರುವ ತಂಬಾಕು ಅಂಗಡಿಗೆ ಬೀಗ. ಕಂಬಕ್ಕೆ ಅಂಟಿಸಿದ ವೇಳಾಪಟ್ಟಿಯ ಬಸ್ಸು ಬರಲೇ ಇಲ್ಲ. ಮುಂದಿನದರಲ್ಲಿ ನಿಂತೇ ಹೋದೆವು, ಏಸಿ ಕೆಟ್ಟಿತ್ತು, ಕಿಟಕಿ ತೆಗೆಯಲಾಗದು. ವಾರದ ದಿನ ಹೋಗಿ, ಬರುವಾಗಿನ ಟಿಕೆಟ್ಟನ್ನೂ ರೋಮ್‌ನಲ್ಲೇ ಕೊಳ್ಳಿ. ಬಲಿಪೀಠಗಳ ಗೇಟು ತೆಗೆದಿರುತ್ತದೆಯೇ ಅಂತ ಪೊಮೆಜಿಯಾದ ಲವಿನಿಯಂ ಮ್ಯೂಸಿಯಂಗೆ ಫೋನ್ ಮಾಡಿ ಕೇಳಿಕೊಂಡೇ ಹೊರಡಿ.