ಅಪ್ಪನ ನಾಲ್ಕನೇ ಮೆಡಲ್

ಅಪ್ಪನ ಕೋಟು ವರ್ಷಕ್ಕೆ ಎರಡೇ ಸಲ ಬೀರುವಿನಿಂದ ಹೊರಗೆ ಬರುತ್ತದೆ. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ. ಊರಿನ ಶಾಲೆಯಲ್ಲಿ ಬಾವುಟ ಹಾರಿಸುವಾಗ ಮುಂದಿನ ಸಾಲಿನ ಕುರ್ಚಿ ಅವರಿಗೆ. ಕೋಟಿನ ಎಡಗಡೆ ಮೂರು ಮೆಡಲ್: ಸಂಗ್ರಾಮ್ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್, ಒಂಬತ್ತು ವರ್ಷದ ಸೇವೆಯ ಮೆಡಲ್. ಚಿಕ್ಕಂದಿನಿಂದ ನಾನು ನೋಡಿದ್ದು ಆ ಮೂರನ್ನೇ. ನಾಲ್ಕನೆಯದೊಂದು ಇರಬೇಕಿತ್ತು ಅಂತ ಗೊತ್ತಾಗಿದ್ದು ಎರಡು ವರ್ಷದ ಹಿಂದೆ, ಕೋಲಾರದ ಒಂದು ಮದುವೆ ಮನೆಯಲ್ಲಿ.

ಅಪ್ಪನ ಜೊತೆ ಸೈನ್ಯದಲ್ಲಿ ಡ್ರೈವರ್ ಆಗಿದ್ದವರ ಮೊಮ್ಮಗಳ ಮದುವೆ ಅದು. ಅವರ ನಡುಮನೆಯ ಗೋಡೆಯಲ್ಲಿ ಮೆಡಲ್‌ಗಳಿಗೆ ಗಾಜಿನ ಚೌಕಟ್ಟು ಹಾಕಿಸಿದ್ದರು. ಐದು ಮೂಲೆಯ ಕಂಚಿನ ನಕ್ಷತ್ರ ಒಂದಿತ್ತು. ಇದೇನು ಅಂತ ಕೇಳಿದೆ.

"ಪೂರ್ವಿ ಸ್ಟಾರ್ ಕಣಮ್ಮಾ. ನಿಮ್ಮಪ್ಪನ ಹತ್ರಾನೂ ಇರಬೇಕಲ್ಲ? ಇಬ್ಬರೂ ಒಂದೇ ಕಾನ್ವಾಯ್‌ನಲ್ಲಿ ಇದ್ವಿ" ಅಂದರು.

ಅಪ್ಪ ಕೇಳಿಸದವರ ಹಾಗೆ ಊಟದ ಪಂಕ್ತಿ ಕಡೆ ನಡೆದುಬಿಟ್ಟರು.

ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. ಪಾಕಿಸ್ತಾನದ ಜೊತೆಗಿನ 1971ರ ಯುದ್ಧದಲ್ಲಿ ಪೂರ್ವದ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಸಂಗ್ರಾಮ್ ಮೆಡಲ್ ಇನ್ನೂ ಜಾಸ್ತಿ ಜನಕ್ಕೆ ಸಿಕ್ಕಿದೆ. ಇವು ಶೌರ್ಯ ಪದಕಗಳಲ್ಲ. ಪರಮವೀರ ಚಕ್ರ, ವೀರ ಚಕ್ರದ ಹಾಗೆ ತಿಂಗಳಿಗೆ ಇಷ್ಟು ಅಂತ ಭತ್ಯೆ ಬರುವುದಿಲ್ಲ. 'ಈ ಮನುಷ್ಯ ಅಲ್ಲಿದ್ದ' ಅನ್ನುವುದಕ್ಕೆ ಕೊಡುವ ಮೆಡಲ್ ಅಷ್ಟೇ. ಹಾಗಾಗಿ ನಾನು ಓಡಾಡಲು ಶುರು ಮಾಡಿದಾಗ ನೆಂಟರೆಲ್ಲ ಮೊದಲು ಕೇಳಿದ್ದು, "ಇದರಿಂದ ಎಷ್ಟು ಬರುತ್ತೆ?" ಏನೂ ಬರಲ್ಲ ಅಂದರೆ, "ಮತ್ತೆ ಯಾಕೆ ಸುಮ್ನೆ?"

ಯಾಕೆ ಅಂತ ನನಗೂ ಮೊದಲು ಸರಿಯಾಗಿ ಗೊತ್ತಿರಲಿಲ್ಲ. ಮದುವೆಯಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಹೇಳಿದರು. ಯುದ್ಧ ಮುಗಿದು ಎರಡು ಮೂರು ವರ್ಷಕ್ಕೆ ಯೂನಿಟ್ಟಿನಲ್ಲಿ ಕೇಳಿದ್ದರಂತೆ. ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಅಂದರಂತೆ. ಇನ್ನೊಂದು ಸಲ ಕೇಳಿದಾಗಲೂ ಅದೇ ಉತ್ತರ. 1983ರಲ್ಲಿ ಪೆನ್ಷನ್ ಆಗಿ ಊರಿಗೆ ಬಂದರು. ಹೊಗೆಸೊಪ್ಪು, ಆಲೂಗಡ್ಡೆ, ನಮ್ಮ ಓದು, ಅವ್ವನ ಕಾಯಿಲೆ. ಅಲ್ಲಿಗೆ ಆ ಮಾತು ಬಿಟ್ಟುಹೋಯಿತು.

"ಬಿಡು ಮಗಾ" ಅಂದರು. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಆಮೇಲೆ, "ನಾನು ಅಲ್ಲಿರಲಿಲ್ಲ ಅಂತ ಅವರ ಕಾಗದ ಹೇಳಿದ್ರೆ, ಆ ಹುಡುಗನ ಪಕ್ಕ ಕೂತಿದ್ದೋರು ಯಾರು?" ಅಂದರು.

ಆ ಹುಡುಗನ ವಿಷಯ ಅವತ್ತಿನವರೆಗೂ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅಪ್ಪ ಆಗ ತ್ರಿಪುರದಲ್ಲಿದ್ದರು. ಆ ಕಾಲಕ್ಕೆ ರೈಲು ಧರ್ಮನಗರದವರೆಗೆ ಮಾತ್ರ. ಅಲ್ಲಿಂದ ತೆಲಿಯಾಮುರಾಕ್ಕೆ, ಅಗರ್ತಲಾಕ್ಕೆ ಎಲ್ಲವೂ ಲಾರಿಯಲ್ಲೇ ಹೋಗಬೇಕು. ಮದ್ದುಗುಂಡು, ಅಕ್ಕಿ, ಡೀಸೆಲ್. ಗುಡ್ಡದ ಮೇಲೆ ಗುಡ್ಡ, ಒಂದೇ ರಸ್ತೆ, ಒಂದು ಗಾಡಿ ಕೆಟ್ಟು ನಿಂತರೆ ಹಿಂದಿನವೆಲ್ಲ ನಿಂತವು. ರಾತ್ರಿ ದೊಡ್ಡ ದೀಪ ಹಾಕುವ ಹಾಗಿಲ್ಲ. ಮುಂದಿನ ಗಾಡಿಯ ಹಿಂದೆ ಕೆಳಗಡೆ ಬಳಿದ ಬಿಳಿ ಬಣ್ಣ ನೋಡಿಕೊಂಡು ಓಡಿಸಬೇಕು. ನಮ್ಮ ಕಡೆ ಯುದ್ಧ ಅಂದರೆ ಬಂದೂಕು ಹಿಡಿದವರ ಕಥೆಯೇ ಹೇಳುತ್ತಾರೆ. ಆದರೆ ಡಿಸೆಂಬರ್ 3ಕ್ಕೆ ಮೊದಲು ಎಷ್ಟೋ ವಾರ ಈ ಡ್ರೈವರ್‌ಗಳು ನಿದ್ದೆಗೆಟ್ಟು ಸಾಮಾನು ಸಾಗಿಸದೇ ಇದ್ದಿದ್ದರೆ ಆ ಕಡೆಯಿಂದ ಒಂದು ಹೆಜ್ಜೆ ಮುಂದೆ ಇಡಲು ಆಗುತ್ತಿರಲಿಲ್ಲ.

ಯುದ್ಧ ಶುರುವಾದ ಮೇಲೆ ಅಪ್ಪನ ಗಾಡಿಯೂ ಗಡಿ ದಾಟಿ ಈಗಿನ ಬಾಂಗ್ಲಾದೇಶದೊಳಗೆ ಹೋಯಿತು. ಅಗರ್ತಲಾಕ್ಕೆ ಅಂಟಿಕೊಂಡ ಹಾಗೇ ಇರುವ ಅಖೌರಾ, ಆಮೇಲೆ ಬ್ರಾಹ್ಮಣಬಾರಿಯಾ, ಆಶುಗಂಜ್. ಆಶುಗಂಜ್‌ನಲ್ಲಿ ಮೇಘನಾ ನದಿಯ ದೊಡ್ಡ ರೈಲು ಸೇತುವೆಯನ್ನು ಪಾಕಿಸ್ತಾನದವರು ಡಿಸೆಂಬರ್ 9ರಂದು ಸಿಡಿಸಿದ್ದರು. ಕಬ್ಬಿಣ ಮುರಿದು ನೀರಿಗೆ ಬಿದ್ದಿದ್ದನ್ನು ಅಪ್ಪ ಈಗಲೂ ಕೈಯಲ್ಲಿ ಮಾಡಿ ತೋರಿಸುತ್ತಾರೆ. ನಮ್ಮವರು ಹೆಲಿಕಾಪ್ಟರ್‌ನಲ್ಲಿ ನದಿ ದಾಟಿದ್ದನ್ನೂ ದಡದಲ್ಲಿ ನಿಂತು ನೋಡಿದ್ದಾರೆ. ಆ ಹುಡುಗ ಅದನ್ನು ನೋಡಲಿಲ್ಲ. ಸೇಲಂ ಕಡೆಯವನು, ಅಪ್ಪನ ಗಾಡಿಯಲ್ಲಿ ಎರಡನೇ ಡ್ರೈವರ್. ಅಖೌರಾ ದಾಟಿದ ಮೇಲೆ ಗಾಡಿ ಪಕ್ಕಕ್ಕೆ ಹಾಕಿದಾಗ ಕೆಳಗಿಳಿದ, ಮೈನ್ ಮೇಲೆ ಕಾಲಿಟ್ಟ. ಅಪ್ಪ ಅವನ ತಲೆ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು. ಇದಕ್ಕಿಂತ ಜಾಸ್ತಿ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮದುವೆಯಿಂದ ಊರಿಗೆ ಬಂದ ವಾರವೇ ಸೈನ್ಯಕ್ಕೆ ಅರ್ಜಿ ಬರೆದೆ. ಮೊದಲನೇ ಅರ್ಜಿಯಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು, ಬೇರೆ ಮನೆಗಳಲ್ಲೂ ಇದೇ ಆಗುತ್ತಿರಬಹುದು. 'ನಮ್ಮ ತಂದೆಗೆ ಪೂರ್ವಿ ಸ್ಟಾರ್ ಕೊಡಿ' ಅಂತ ಬರೆದೆ. ನಾಲ್ಕು ತಿಂಗಳಾದ ಮೇಲೆ ಎರಡು ಸಾಲಿನ ಉತ್ತರ: ದಾಖಲೆಯಲ್ಲಿ ನಮೂದು ಇಲ್ಲ. ಐವತ್ತು ವರ್ಷದ ಹಿಂದೆ ಅಪ್ಪನಿಗೆ ಹೇಳಿದ್ದನ್ನೇ ಟೈಪ್ ಮಾಡಿ ಕಳಿಸಿದ್ದರು. ಅವತ್ತು ರಾತ್ರಿ ನನಗೆ ಅಳು ಬಂತು.

ದಾರಿ ತೋರಿಸಿದ್ದು ಜಿಲ್ಲಾ ಸೈನಿಕ ಕಚೇರಿಯಲ್ಲಿ ಸಿಕ್ಕ ಒಬ್ಬ ನಿವೃತ್ತ ಸುಬೇದಾರರು. "ಮೆಡಲ್ ಆಮೇಲೆ ಕೇಳಿ ಮೇಡಂ, ಮೊದಲು ನಿಮ್ಮ ತಂದೆಯ ಶೀಟ್ ರೋಲ್ ನೋಡಿ" ಅಂದರು. ಸೈನ್ಯದಲ್ಲಿ ಒಬ್ಬ ಜವಾನನಿಗೆ ಏನೇ ಆಗಲಿ, ಮದುವೆ, ಮಗು, ಬಡ್ತಿ, ವರ್ಗ, ಮೆಡಲ್, ಅವನ ಯೂನಿಟ್ಟು ಪಾರ್ಟ್ ಟೂ ಆರ್ಡರ್ ಹೊರಡಿಸುತ್ತದೆ. ಅದು ರೆಕಾರ್ಡ್ ಆಫೀಸಿಗೆ ಹೋಗಿ, ಶೀಟ್ ರೋಲ್‌ನಲ್ಲಿ, ಅಂದರೆ ಅವನ ಸೇವೆಯ ದಾಖಲೆಯಲ್ಲಿ, ಒಂದು ಸಾಲಾಗುತ್ತದೆ. ಆರ್ಡರ್ ತಲುಪದಿದ್ದರೆ ಸಾಲಿಲ್ಲ. ಸಾಲಿಲ್ಲದಿದ್ದರೆ ಅವರ ಲೆಕ್ಕದಲ್ಲಿ ಅದು ನಡೆದೇ ಇಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಶೀಟ್ ರೋಲ್‌ನ ದೃಢೀಕರಿಸಿದ ಪ್ರತಿ ಬೇಕು ಅಂತ ಮಾತ್ರ ಕೇಳಿದೆವು. ಅರ್ಜಿ ಅಪ್ಪನ ಹೆಸರಲ್ಲೇ, ಸಹಿಯೂ ಅವರದೇ. ಸೈನ್ಯದಲ್ಲಿ ಕಲಿತ ಹಿಂದಿಯಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಜೊತೆಗೆ ಡಿಸ್ಚಾರ್ಜ್ ಬುಕ್ಕಿನ, ಪೆನ್ಷನ್ ಆದೇಶದ (ಪಿಪಿಒ) ಜೆರಾಕ್ಸ್. ಕಾನೂನಿನ ಪ್ರಕಾರ 30 ದಿನದಲ್ಲಿ ಉತ್ತರ ಕೊಡಬೇಕು. ನಮಗೆ ಬರಲಿಲ್ಲ. ಮೊದಲ ಮೇಲ್ಮನವಿ ಹಾಕಿದ ಮೇಲೆ ಬಂತು.

ಆ ಹಾಳೆಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕೂತೆವು. ಯಾರ ಯಾರದೋ ಕೈಬರಹ, ಒಂದರ ಮೇಲೊಂದು ಸೀಲು. ನಾನು ಹುಟ್ಟಿದ್ದೂ ಅದರಲ್ಲಿತ್ತು. ತಾರೀಖು ಸರಿ, ಹೆಸರಿನಲ್ಲಿ ಒಂದಕ್ಷರ ತಪ್ಪು. ಅದರ ಹಿಂದಿನ ಹಾಳೆಯಲ್ಲಿ, ಸಣ್ಣ ಅಕ್ಷರದಲ್ಲಿ ನಮಗೆ ಬೇಕಾಗಿದ್ದು ಸಿಕ್ಕಿತು. 1971ರ ಅಕ್ಟೋಬರ್ 11ರಿಂದ ಅಪ್ಪನನ್ನು ಬೇರೊಂದು ಕಂಪನಿಗೆ, ಅಂದರೆ ಸೈನ್ಯದ ಇನ್ನೊಂದು ತುಕಡಿಗೆ, ಅಟ್ಯಾಚ್ ಮಾಡಿದ್ದಾರೆ. 1972ರ ಮಾರ್ಚ್ 2ಕ್ಕೆ ವಾಪಸ್. ನಡುವೆ ಏನೂ ಇಲ್ಲ, ಖಾಲಿ. ಅಪ್ಪನ ಸ್ವಂತ ಯೂನಿಟ್ಟು ಆ ಸಮಯದಲ್ಲಿ ಅಸ್ಸಾಮಿನಲ್ಲೇ ಹಿಂದೆ ಇತ್ತು. ಅವರು ಸ್ಟಾರ್‌ಗೆ ಹೆಸರು ಕಳಿಸಲಿಲ್ಲ, ಸರಿ. ಕರೆದುಕೊಂಡು ಹೋದ ಕಂಪನಿ ತನ್ನವರ ಹೆಸರು ಮಾತ್ರ ಕಳಿಸಿತು. ಕೋಲಾರದವರು ಆ ಕಂಪನಿಯವರೇ, ಅವರಿಗೆ ಬಂತು. ಎರಡು ಮನೆಯ ನಡುವೆ ಅಪ್ಪ ಬಿಟ್ಟುಹೋದರು.

ಸಿಟ್ಟು ಬಂದಿದ್ದು ನಿಜ. ಐವತ್ತು ವರ್ಷ ಅವರದೇ ಬೀರುವಿನಲ್ಲಿ ಈ ಹಾಳೆ ಇತ್ತಲ್ವಾ? ಯಾರಾದರೂ ಒಬ್ಬರು ತಿರುವಿ ನೋಡಿದ್ದರೆ ಸಾಕಿತ್ತು.

ಅಟ್ಯಾಚ್ ಆಗಿದ್ದು ರುಜುವಾಯಿತು. ಆ ಕಂಪನಿ ಎಲ್ಲಿತ್ತು, ಅಪ್ಪ ಅದರ ಜೊತೆಗೇ ಇದ್ದರಾ ಅನ್ನುವುದಕ್ಕೆ ಅವ್ವನ ಟ್ರಂಕು ತೆಗೆದೆ. ಅವ್ವ ತೀರಿಕೊಂಡು ಏಳು ವರ್ಷ, ಅದನ್ನು ಯಾರೂ ತೆಗೆದಿರಲಿಲ್ಲ. ಧಾರೆ ಸೀರೆಯ ಕೆಳಗೆ ದಾರ ಕಟ್ಟಿಟ್ಟ ಕಾಗದಗಳು. 1971ರ ಡಿಸೆಂಬರಿನವು ಎರಡು. ಊರಿನ ಹೆಸರು ಎಲ್ಲೂ ಇಲ್ಲ, ಯುದ್ಧದಲ್ಲಿ ಬರೆಯುವ ಹಾಗಿರಲಿಲ್ಲ. ಆದರೆ ಕಳಿಸಿದವರ ವಿಳಾಸದಲ್ಲಿ ಅಪ್ಪನ ನಂಬರು, ಹೆಸರು, ಆ ಕಂಪನಿಯ ಹೆಸರು, 99 ಎಪಿಒ. ಪೂರ್ವದ ಕಡೆಯ ಸೈನಿಕರ ಟಪಾಲು ಆ ಅಂಚೆಯಿಂದಲೇ ಬರುತ್ತಿತ್ತು, ಪಶ್ಚಿಮದ್ದು 56 ಎಪಿಒ. ಒಳಗೆ ಬರೆದಿದ್ದು ನಾಲ್ಕೇ ಸಾಲು. ಚೆನ್ನಾಗಿದ್ದೇನೆ, ಹಸು ಕರು ಹಾಕಿತಾ, ಅಮ್ಮನನ್ನು ನೋಡಿಕೋ.

ಕೋಲಾರದವರು ಛಾಪಾ ಕಾಗದದಲ್ಲಿ ಪ್ರಮಾಣಪತ್ರ ಮಾಡಿಸಿ, ತಮ್ಮ ಸ್ಟಾರಿನ ನಮೂದಿನ ಪ್ರತಿಯನ್ನೂ ಸೇರಿಸಿ ಕಳಿಸಿದರು. ಎಂಬತ್ತು ದಾಟಿದವರು, ಅದಕ್ಕಾಗಿ ನೋಟರಿ ಹತ್ತಿರ ಎರಡು ದಿನ ಅಲೆದಿದ್ದರು. ಎಲ್ಲ ಜೋಡಿಸಿ, ಈ ಸಲ 'ಮೆಡಲ್ ಕೊಡಿ' ಅನ್ನಲಿಲ್ಲ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ನಿಮ್ಮ ಶೀಟ್ ರೋಲ್‌ನಲ್ಲಿ ಬಿಟ್ಟುಹೋದ ನಮೂದನ್ನು ಸೇರಿಸಿ, ಅದರ ಪ್ರಕಾರ ಅರ್ಹತೆ ನೋಡಿ ಅಂತ ಬರೆದೆವು. ಸೈನಿಕ ಕಚೇರಿಯ ಮೂಲಕವೇ ಕಳಿಸಿದೆವು.

ಮೊನ್ನೆ ಮಂಗಳವಾರ ಅಂಚೆಯಲ್ಲಿ ಪತ್ರ ಬಂತು. ನಮೂದು ಸೇರಿಸಿದ್ದಾರೆ, ಪೂರ್ವಿ ಸ್ಟಾರ್‌ಗೆ ಅರ್ಹರು ಅಂತ ಒಪ್ಪಿದ್ದಾರೆ. ಮೆಡಲ್ ಇನ್ನೂ ಬರಬೇಕು.

ಅಪ್ಪ ಕಣ್ಣು ಮುಚ್ಚಿ ತಮ್ಮ ಸೈನ್ಯದ ನಂಬರು ಹೇಳಿದರು. ನಾನು ಪತ್ರದ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ಹೊಂದಿಸಿ ನೋಡಿದೆ. ಸರಿಯಾಗಿತ್ತು. ತಾರೀಖಿನ ಸಾಲನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಕೋಲಾರಕ್ಕೆ ಫೋನ್ ಹಚ್ಚಿಕೊಡು ಅಂದರು. ಇಬ್ಬರಿಗೂ ಕಿವಿ ಮಂದ, ಕೂಗಿ ಕೂಗಿ ಮಾತಾಡಿದರು. ಮೆಡಲ್ ವಿಷಯ ಎರಡು ನಿಮಿಷಕ್ಕೆ ಮುಗಿಯಿತು. ಉಳಿದ ಅರ್ಧ ಗಂಟೆ ಸೇಲಂ ಹತ್ತಿರದ ಆ ಹುಡುಗನ ಊರು ಯಾವುದು ಅಂತ ಇಬ್ಬರೂ ನೆನಪು ಮಾಡಿಕೊಳ್ಳುತ್ತಿದ್ದರು.