ಅಮ್ಮನ ಸೋನಾಮುಖಿ ಪುಡಿ

ಅಮ್ಮಂಗೆ ಮಲಬದ್ಧತೆ ಹಳೇ ಕಾಟ, ಗ್ರಂಧಿಗೆ ಅಂಗಡಿಯಿಂದ ಸೋನಾಮುಖಿ (ಸೆನ್ನಾ, ಭೇದಿ ಮಾಡಿಸೋ ಎಲೆ) ಪುಡಿ ತಂದು ದಿನಾ ರಾತ್ರಿ ಬಿಸಿನೀರಿಗೆ ಹಾಕ್ಕೊಂಡು ಕುಡೀತಿದ್ರು, ಎಲೆ ತಾನೇ ಏನಾಗತ್ತೆ ಅಂತ, ತಿಂಗಳುಗಟ್ಟಲೆ! ನಂಗೆ ಗೊತ್ತಾದಾಗ ನಿಜವಾಗ್ಲೂ ಭಯ ಆಯ್ತು. ಯಾಕಂದ್ರೆ ಅವ್ರು ಬಿಪಿಗೆ ನೀರಿನ ಮಾತ್ರೆ (ಮೂತ್ರ ಜಾಸ್ತಿ ಮಾಡಿಸೋದು) ತಗೋತಾರೆ, ಅದರ ಜೊತೆ ದಿನಾ ಭೇದಿನೂ ಆದ್ರೆ ಮೈಯಲ್ಲಿರೋ ಪೊಟ್ಯಾಸಿಯಂ ಇಳಿದು ಸುಸ್ತು, ಎದೆಬಡಿತದಲ್ಲಿ ಏರುಪೇರು ಎಲ್ಲಾ ಆಗಬಹುದು.

ಸೋನಾಮುಖಿ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನ ಒಡೆದ ಮೇಲೇನೇ ಕೆಲಸ ಶುರು, ಅದಕ್ಕೆ 6ರಿಂದ 12 ಗಂಟೆ ಬೇಕು. ಇನ್ನೂ ಆಗ್ಲಿಲ್ಲ ಅಂತ ಇನ್ನೊಂದು ಚಮಚ ಕುಡಿದ್ರೆ ಹೊಟ್ಟೆ ನುಲಿತ ಗ್ಯಾರಂಟಿ. ಡಾಕ್ಟರ್ ಹೇಳದೆ 1 ವಾರಕ್ಕಿಂತ ಜಾಸ್ತಿ ಬೇಡ. ಮಲಬದ್ಧತೆಗೆ ಸಿಗೋ ಎಷ್ಟೋ ರೆಡಿಮೇಡ್ ಚೂರ್ಣಗಳಲ್ಲೂ ಸೋನಾಮುಖಿ ಇರತ್ತೆ, ಲೇಬಲ್ ಓದಿ ದಯವಿಟ್ಟು.

ಈಗ ಅಮ್ಮಂಗೆ ಡಾಕ್ಟರ್ ಇಸಬ್ಗೋಲ್ (ನೀರಲ್ಲಿ ಉಬ್ಬೋ ನಾರಿನ ಹೊಟ್ಟು) ಹೇಳಿದಾರೆ, ತುಂಬಿದ ಲೋಟ ನೀರಲ್ಲಿ ಕಲಸಿ ತಕ್ಷಣ ಕುಡೀಬೇಕು, ನೀರು ಕಮ್ಮಿಯಾದ್ರೆ ಗಂಟಲಲ್ಲೇ ಉಬ್ಬಿ ಸಿಕ್ಕಾಕೊಳ್ಳಬಹುದು, ಬೇರೆ ಮಾತ್ರೆಗೂ ಇದಕ್ಕೂ 2 ಗಂಟೆ ಗ್ಯಾಪ್ ಕೊಡ್ತೀವಿ.

ಜೋರು ಹೊಟ್ಟೆನೋವು, ವಾಂತಿ, ಮಲದಲ್ಲಿ ರಕ್ತ ಇದ್ರೆ ಯಾವ ಪುಡಿನೂ ಮುಟ್ಟಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.