399 ರೂಪಾಯಿಯ ಚಿತ್ರಗಳು, ಅಜ್ಜಿಯ ಒರಳುಕಲ್ಲು

ಪ್ರತಿ ಭಾನುವಾರ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ 12 ಮಕ್ಕಳಿಗೆ ಕನ್ನಡ ಕಥೆ ಹೇಳುತ್ತೇನೆ. ಎಲ್ಲವೂ ಶಿರಸಿ ಕಡೆಯ ನನ್ನ ಅಜ್ಜಿ ಹೇಳಿದ ಕಥೆಗಳು. ಕಥೆ ಮುಗಿದ ಮೇಲೆ ಒಂದು ಚಿತ್ರದ ಕಾರ್ಡ್ ಕೊಟ್ಟರೆ ಮಕ್ಕಳು ಅದನ್ನು ಹಿಡಿದುಕೊಂಡು ಹೋಗಿ ಮನೆಯಲ್ಲಿ ಮತ್ತೆ ಕಥೆ ಹೇಳುತ್ತಾರೆ. ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಅದಕ್ಕೇ, ಬೇಕಾದ್ದನ್ನು ಬರೆದು ಹೇಳಿದರೆ ಚಿತ್ರ ಮಾಡಿಕೊಡುವ ಕಡಿಮೆ ಬೆಲೆಯ ಒಂದು ಎಐ ಸೇವೆಗೆ ಸೇರಿಕೊಂಡೆ.

ತಿಂಗಳಿಗೆ 399 ರೂಪಾಯಿ. 18% ಜಿಎಸ್‌ಟಿ ಸೇರಿದರೆ 471. ಅದಕ್ಕೆ 500 ಕ್ರೆಡಿಟ್, ಅಂದರೆ ಚಿತ್ರ ಮಾಡಿಸಲು ಖರ್ಚು ಮಾಡುವ ಅಂಕ. ಒಂದು ಚಿತ್ರಕ್ಕೆ 2. ಚಿತ್ರ ಕೆಟ್ಟರೂ ಕ್ರೆಡಿಟ್ ಹೋಗುತ್ತದೆ. ಮೊದಲ ತಿಂಗಳು ಸುಮಾರು 220 ಚಿತ್ರ ಮಾಡಿಸಿದೆ. ಕಾರ್ಡಿಗೆ ಬಂದಿದ್ದು 11. ಅಂದರೆ ಕಾರ್ಡಿಗೆ 43 ರೂಪಾಯಿ ಬಿತ್ತು. ಆದರೂ ಅಗ್ಗವೇ. ಇದನ್ನು ಒಪ್ಪಲೇಬೇಕು.

ಇನ್ನೂ ಅಗ್ಗದ ದಾರಿ ಇಲ್ಲ ಅಂತಲ್ಲ. 2022ರ ಆಗಸ್ಟ್‌ನಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ಮಾಡುವ ಎಐ ಮಾದರಿಯನ್ನು ಯಾರು ಬೇಕಾದರೂ ಇಳಿಸಿಕೊಂಡು ಸ್ವಂತ ಕಂಪ್ಯೂಟರಿನಲ್ಲಿ ಓಡಿಸಬಹುದು. ಆದರೆ ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದಿಲ್ಲ.

ಕಾಡು, ಮಳೆ, ಚಂದಿರ, ನರಿ ಕೇಳಿದರೆ ತುಂಬಾ ಚೆನ್ನಾಗಿ ಕೊಡುತ್ತದೆ. ಅಡಿಕೆ ತೋಟದ ಮೇಲೆ ಮಂಜು ಇಳಿದ ಒಂದು ಚಿತ್ರ ನೋಡಿ ನಾನು ಸುಮ್ನೆ ಕೂತುಬಿಟ್ಟೆ. ಅಷ್ಟು ಚಂದ.

ಅದಾದ ಮೇಲೆ ಒರಳುಕಲ್ಲು ಕೇಳಿದೆ. ಕನ್ನಡದಲ್ಲಿ ಬರೆದಾಗ ಏನೋ ದೇವಸ್ಥಾನದ ಕಂಬ ಬಂತು. ಇಂಗ್ಲಿಷಿನಲ್ಲಿ ಬರೆದರೆ ಶುಂಠಿ ಜಜ್ಜುವ ಪುಟ್ಟ ಕುಟ್ಟಾಣಿ. ನೆಲದ ಮೇಲೆ ದೊಡ್ಡ ಕಲ್ಲು, ನಡುವೆ ಗುಂಡಿ, ಅದರೊಳಗೆ ತಿರುಗುವ ಗುಂಡುಕಲ್ಲು ಅಂತ ಬಿಡಿಸಿ ಹೇಳಿದರೆ ಬೀಸುವ ಕಲ್ಲು ಬಂತು. 26 ಸಲ ಪ್ರಯತ್ನಿಸಿದೆ. 52 ಕ್ರೆಡಿಟ್ ಹೋಯಿತು, ಒರಳು ಬರಲಿಲ್ಲ. ಯಕ್ಷಗಾನದ ವೇಷ ಕೇಳಿದಾಗ ತಲೆಗೆ ಕಟ್ಟುವ ಕೇದಗೆ ಮುಂದಲೆಯ ಬದಲು ಹಸಿರು ಮುಖದ ಕಥಕ್ಕಳಿ ಬಂತು.

ಈ ಮಾದರಿಗಳು ಕಲಿತಿರುವುದು ಇಂಟರ್ನೆಟ್ಟಿನಲ್ಲಿರುವ ಚಿತ್ರಗಳಿಂದ ಮತ್ತು ಅವುಗಳ ಜೊತೆಗಿರುವ ಬರಹದಿಂದ. ಅದರಲ್ಲಿ ಇಂಗ್ಲಿಷೇ ಜಾಸ್ತಿ. ನಮ್ಮ ಅಡುಗೆಮನೆಯ ಚಿತ್ರ ಅಲ್ಲಿ ಎಷ್ಟಿದ್ದೀತು? ನನಗೆ ಭಯವಾಗುವುದು ಇಲ್ಲೇ. ನನ್ನ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಒರಳುಕಲ್ಲನ್ನು ನೋಡಿಯೇ ಇಲ್ಲ. ನಾನು ಕುಟ್ಟಾಣಿ ತೋರಿಸಿ ಒರಳು ಅಂದರೆ ಅವರಿಗೆ ಅದೇ ಒರಳು, ಅಲ್ವಾ? ಚಿತ್ರ ಇಲ್ಲದಿದ್ದರೂ ಪರವಾಗಿಲ್ಲ, ತಪ್ಪು ಚಿತ್ರ ಕೊಡಲಾರೆ.

ಅಜ್ಜಿಯ ಮುಖವೂ ನಿಲ್ಲಲಿಲ್ಲ. ಒಂದು ಕಾರ್ಡಿನಲ್ಲಿ 80 ವರ್ಷದ ಅಜ್ಜಿ, ಮುಂದಿನದರಲ್ಲಿ 50ರ ಹೆಂಗಸು. ಮೂಗುತಿ ಎಡದಿಂದ ಬಲಕ್ಕೆ ಹೋಗಿತ್ತು. ಚಿತ್ರ ಎಲ್ಲಿಂದ ಶುರುವಾಗಬೇಕೆಂದು ಗೊತ್ತುಮಾಡುವ ಸೀಡ್ ಸಂಖ್ಯೆಯನ್ನು ಬದಲಾಯಿಸದೆ ಇಟ್ಟರೆ ಸ್ವಲ್ಪ ಹತ್ತಿರ ಬರುತ್ತದೆ, ಪೂರ್ತಿ ಅಲ್ಲ. ಅಜ್ಜಿಯ ಫೋಟೊ ಹಾಕಿ ಮಾಡಿಸೋಣ ಅಂದುಕೊಂಡೆ. ನಿಯಮಗಳನ್ನು ಓದಿದರೆ, ಈ ಕಡಿಮೆ ಬೆಲೆಯ ಪ್ಲಾನಿನಲ್ಲಿ ಮಾಡಿಸಿದ್ದೆಲ್ಲ ಎಲ್ಲರಿಗೂ ಕಾಣುತ್ತದೆ ಎಂದಿತ್ತು. ಫೋಟೊ ಹಾಕಲಿಲ್ಲ. ಮಕ್ಕಳ ಫೋಟೊ ಹಾಕುವವರು ದಯವಿಟ್ಟು ಇದನ್ನೊಮ್ಮೆ ಓದಿ.

ಕನ್ನಡ ಅಕ್ಷರ ಕೇಳಲೇಬೇಡಿ. ಒತ್ತಕ್ಷರ ಎಲ್ಲೆಲ್ಲೋ ಕೂರುತ್ತದೆ. ನಾನು ಚಿತ್ರವನ್ನು ಮಾತ್ರ ತೆಗೆದುಕೊಂಡು, ಹೆಸರನ್ನು ‘ಬಲೂ ತಮ್ಮ’ ಎಂಬ ಫಾಂಟಿನಲ್ಲಿ ಆಮೇಲೆ ಸೇರಿಸುತ್ತೇನೆ. ಆ ದುಂಡಗಿನ ಅಕ್ಷರ ಮಕ್ಕಳಿಗೆ ಇಷ್ಟ.

ಪ್ರಿಂಟ್ ಮಾಡುವವರು ಇನ್ನೊಂದು ಗಮನಿಸಿ. ಚಿತ್ರ ಸಿಗುವುದು 1024 ಪಿಕ್ಸೆಲ್ ಅಗಲದಲ್ಲಿ. 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕೆಯಂತೆ ಪ್ರಿಂಟ್ ಮಾಡಿದರೆ, ಅದು ಮೂರೂವರೆ ಇಂಚೂ ಆಗುವುದಿಲ್ಲ. ದೊಡ್ಡದು ಮಾಡಲು ಮತ್ತೆ 5 ಕ್ರೆಡಿಟ್, ಆಗ ಅಜ್ಜಿಯ ಬಿಳಿ ಕೂದಲು ಪ್ಲಾಸ್ಟಿಕ್ ದಾರದ ಹಾಗೆ ಹೊಳೆಯುತ್ತದೆ.

ಈಗ ಹೀಗೆ ಮಾಡುತ್ತಿದ್ದೇನೆ. ಹಿನ್ನೆಲೆ, ಪ್ರಾಣಿ, ಆಕಾಶ ಈ ಸೇವೆಯಿಂದ. ಅಜ್ಜಿ, ಒರಳು, ಒಲೆ, ವೇಷಗಳನ್ನು ನಮ್ಮ ಬ್ಲಾಕಿನಲ್ಲೇ ಇರುವ ಚಿತ್ರಕಲೆ ಓದುತ್ತಿರುವ ಹುಡುಗಿ ಬಿಡಿಸುತ್ತಾಳೆ. ಒಂದಕ್ಕೆ 300 ರೂಪಾಯಿ ಕೊಡುತ್ತೇನೆ. ಅವಳೂ ಒರಳು ನೋಡಿರಲಿಲ್ಲ. ಕಳೆದ ತಿಂಗಳು ಊರಿಗೆ ಹೋದಾಗ ಹಿತ್ತಲಿನಲ್ಲಿ ಮಳೆನೀರು ತುಂಬಿಕೊಂಡಿದ್ದ ನಮ್ಮ ಒರಳನ್ನು ತೊಳೆದು, ನಾಲ್ಕೂ ಕಡೆಯಿಂದ ಫೋಟೊ ತೆಗೆದು ಅವಳಿಗೆ ಕಳಿಸಿದೆ. ಚಂದಾ ತಾನಾಗಿ ಮುಂದುವರಿಯುವುದನ್ನು ನಿಲ್ಲಿಸಿದ್ದೇನೆ. ದೀಪಾವಳಿಯ ಕಥೆಗಳಿಗೆ ಹಿನ್ನೆಲೆ ಬೇಕಾದಾಗ ಮತ್ತೆ ಒಂದು ತಿಂಗಳಿಗೆ ಕಟ್ಟುತ್ತೇನೆ.